ಚಿಪ್ಪರ್ ಬ್ಲೇಡಿನ ಹರಿತ: ಸಾಣೆ, ಹದ ಮತ್ತು ಎರಡು ಮಿಲಿಮೀಟರ್ ಅಂತರ

ಕೊಂಬೆ ಕತ್ತರಿಸುವ ಚಿಪ್ಪರ್ ಯಂತ್ರದ ಬ್ಲೇಡು ಮೊಂಡಾಗಿದೆಯೇ ಎಂದು ತಿಳಿಯಲು ಯಂತ್ರವನ್ನು ಬಿಚ್ಚಬೇಕಾಗಿಲ್ಲ. ಹೊರಗೆ ಬೀಳುವ ಚೂರುಗಳನ್ನು ಕೈಯಲ್ಲಿ ಹಿಡಿದು ನೋಡಿದರೆ ಸಾಕು. ಬ್ಲೇಡು ಹರಿತವಾಗಿದ್ದರೆ ಹಸಿ ಕೊಂಬೆಯ ಚೂರುಗಳು ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿದ್ದು, ಕತ್ತರಿಸಿದ ಮುಖ ನುಣುಪಾಗಿರುತ್ತದೆ, ತೊಗಟೆ ಮರಕ್ಕೆ ಅಂಟಿಕೊಂಡೇ ಇರುತ್ತದೆ. ಮೊಂಡಾಗುತ್ತ ಬಂದಂತೆ ತೊಗಟೆ ನಾರಾಗಿ ಕಿತ್ತು ಬೇರೆಯಾಗುತ್ತದೆ, ಚೂರುಗಳ ತುದಿ ಹಿಂಜಿದಂತೆ ಕಾಣುತ್ತದೆ, ನಡುವೆ ಉದ್ದುದ್ದ ಸೀಳುಗಳು ಬೀಳತೊಡಗುತ್ತವೆ. ಕೊಂಬೆಯನ್ನು ತಾನಾಗಿಯೇ ಒಳಗೆಳೆದುಕೊಳ್ಳುತ್ತಿದ್ದ ಯಂತ್ರ ಈಗ ನೀವು ದೂಡಲಿ ಎಂದು ಕಾಯುತ್ತದೆ. ಈ ಹಂತದಲ್ಲಿಯೇ ಕೆಲಸ ನಿಲ್ಲಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ದೂಡಿ ದೂಡಿ ಕತ್ತರಿಸುವವನ ಕೈ ಬಾಯಿಗಂಡಿಯ ಹತ್ತಿರ ಹತ್ತಿರಕ್ಕೆ ಹೋಗುತ್ತದೆ, ಮೋಟಾರು ಬಿಸಿಯಾಗುತ್ತದೆ ಮತ್ತು ಅರ್ಧ ಗಂಟೆಯ ಸಾಣೆಯಲ್ಲಿ ಮುಗಿಯಬಹುದಾಗಿದ್ದ ಕೆಲಸ ಇಡೀ ದಿನದ ರಿಪೇರಿಯಾಗುತ್ತದೆ.

ನಮ್ಮ ತೋಟ ಪಾಂಡವಪುರ ತಾಲ್ಲೂಕಿನಲ್ಲಿ, ವಿಶ್ವೇಶ್ವರಯ್ಯ ನಾಲೆಯ ನೀರು ಬರುವ ಬಯಲಿನಲ್ಲಿದೆ. ತೆಂಗು, ಬದುವಿನ ಮೇಲೆ ಗೊಬ್ಬರದ ಗಿಡ, ಒಂದು ಮೂಲೆಯಲ್ಲಿ ಬಿದಿರು ಮತ್ತು ಸ್ವಲ್ಪ ಹಿಪ್ಪುನೇರಳೆ ಇವೆ. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆಯಿಂದ ಬಂದ ವಿ-1 ತಳಿಯನ್ನು ಬೆಳೆದು, ಹುಳುಗಳಿಗೆ ರೆಂಬೆ ಸಮೇತ ಸೊಪ್ಪು ಹಾಕುವ ಮನೆಗಳಲ್ಲಿ ಎಲೆ ತಿಂದು ಉಳಿದ ಕಡ್ಡಿಯ ರಾಶಿ ಎಷ್ಟಾಗುತ್ತದೆಂಬುದು ಈ ಭಾಗದ ರೇಷ್ಮೆ ಬೆಳೆಗಾರರಿಗೆಲ್ಲ ಗೊತ್ತು. ತೆಂಗಿನ ಮರವೊಂದು ವರ್ಷಕ್ಕೆ ಸುಮಾರು ಹನ್ನೆರಡು ಗರಿಗಳನ್ನು ಬಿಡುತ್ತದೆ, ಅಷ್ಟನ್ನೇ ಉದುರಿಸುತ್ತದೆ. ಇವನ್ನೆಲ್ಲ ಸುಡುವ ಬದಲು ಚೂರು ಮಾಡಿ ತೆಂಗಿನ ಬುಡಕ್ಕೆ ಹೊದಿಕೆ ಹಾಕೋಣವೆಂದು ಮೂರು ಅಶ್ವಶಕ್ತಿಯ ಸಿಂಗಲ್ ಫೇಸ್ ಮೋಟಾರಿನ ಸಣ್ಣ ಚಿಪ್ಪರ್ ಇಟ್ಟುಕೊಂಡಿದ್ದೇನೆ. ಇದರ ಒಳಗಿರುವುದು ಭಾರವಾದ ಒಂದು ಉಕ್ಕಿನ ಚಕ್ರ. ಚಕ್ರದ ಮೇಲೆ ಎದುರುಬದುರಾಗಿ ಬೋಲ್ಟು ಹಾಕಿ ಕೂರಿಸಿದ ಎರಡು ಬ್ಲೇಡು. ಎದುರಿಗೆ ಯಂತ್ರದ ಮೈಗೇ ಬಿಗಿದ, ಅಲುಗಾಡದ ಒಂದು ಉಕ್ಕಿನ ಪಟ್ಟಿ. ಈ ಪಟ್ಟಿಯನ್ನು ಕೈಪಿಡಿಗಳು ಆನ್ವಿಲ್ ಎನ್ನುತ್ತವೆ. ಬರೆಯಬೇಕಾದ ಮುಖ್ಯ ಸಂಗತಿಗಳಲ್ಲಿ ಒಂದು ಈ ಪಟ್ಟಿಗೇ ಸೇರಿದ್ದು, ಅದಕ್ಕೆ ಮುಂದೆ ಬರುತ್ತೇನೆ.

ಬ್ಲೇಡನ್ನು ಮೊಂಡು ಮಾಡುವುದು ಮರಕ್ಕಿಂತ ಹೆಚ್ಚಾಗಿ ಮಣ್ಣು. ಮರಳಿನಲ್ಲಿರುವ ಸ್ಫಟಿಕ ಶಿಲೆಯ ಗಡಸುತನ ಮೋಸ್ ಮಾಪಕದಲ್ಲಿ 7. ಹದ ಹಾಕಿದ ಉಕ್ಕಿನ ಅಲಗಿನದೂ ಹೆಚ್ಚುಕಡಿಮೆ ಅದೇ ಮಟ್ಟ. ಆದ್ದರಿಂದ ಕಾಳು ಗಾತ್ರದ ಒಂದು ಕಲ್ಲು ಒಳಗೆ ಹೋದರೂ ಅಂಚು ಚಕ್ಕೆ ಏಳುತ್ತದೆ, ಕೆಸರು ಮೆತ್ತಿದ ಗರಿ ಹೋದರೆ ಅಂಚು ಸಮನಾಗಿ ಸವೆಯುತ್ತದೆ. ಇದರ ಜೊತೆಗೆ ತೆಂಗಿನ ಗರಿ, ಬಿದಿರು, ಕಬ್ಬಿನ ತರಗು ಇವು ಮಣ್ಣಿನಿಂದ ಹೀರಿದ ಸಿಲಿಕಾವನ್ನು, ಅಂದರೆ ಮರಳಿನಲ್ಲಿರುವ ಪದಾರ್ಥವನ್ನೇ, ತಮ್ಮ ಜೀವಕೋಶಗಳಲ್ಲಿಯೇ ಸಣ್ಣ ಸಣ್ಣ ಕಣಗಳಾಗಿ ಕೂಡಿಟ್ಟುಕೊಳ್ಳುವ ಸಸ್ಯಗಳು. ಅವನ್ನು ಎಷ್ಟೇ ತೊಳೆದು ಹಾಕಿದರೂ ಬ್ಲೇಡು ಗೊಬ್ಬರದ ಗಿಡಕ್ಕೆ ಸವೆಯುವುದಕ್ಕಿಂತ ಬೇಗ ಸವೆಯುತ್ತದೆ, ಅದನ್ನು ತಪ್ಪಿಸಲಾಗದು. ತಪ್ಪಿಸಬಹುದಾದದ್ದು ಹೊರಗಿನ ಮಣ್ಣನ್ನು. ಬಿದ್ದ ಗರಿಯನ್ನು ಉತ್ತ ನೆಲದ ಮೇಲೆ ಎಳೆದು ತರಬಾರದು, ಹೊತ್ತು ತರಬೇಕು. ಮಳೆಗಾಲದಲ್ಲಿ ಟಾರ್ಪಾಲಿನ ಮೇಲೆ ರಾಶಿ ಹಾಕಬೇಕು. ಗರಿಯ ಬುಡದ ಅಗಲವಾದ ಮಟ್ಟೆಯನ್ನು ಮಚ್ಚಿನಿಂದ ಕಡಿದು ಬೇರೆ ಮಾಡುವುದು ಒಳ್ಳೆಯದು, ಏಕೆಂದರೆ ಅದರ ಗುಣಿಯಲ್ಲಿಯೇ ದೂಳು ಮತ್ತು ಮರಳು ಕುಳಿತಿರುತ್ತದೆ. ಕಿತ್ತ ಹಿಪ್ಪುನೇರಳೆ ಗಿಡಗಳ ಬೇರನ್ನಂತೂ ಯಂತ್ರಕ್ಕೆ ಕೊಡಲೇಬಾರದು. ಬೇಲಿಗೆ ನೆಟ್ಟ ಗೂಟ, ಟೊಮೆಟೊಗೆ ಊರುಗೋಲಾಗಿದ್ದ ಕಡ್ಡಿ, ಮೊಳೆ ಹೊಡೆದ ಕೊಂಬೆ ಇವುಗಳಲ್ಲಿ ಬೈಂಡಿಂಗ್ ವೈರಿನ ತುಂಡು ಇರಬಹುದಾದ್ದರಿಂದ ಅವನ್ನು ನಾನು ಸೌದೆಗೇ ಬಿಟ್ಟಿದ್ದೇನೆ.

ಇಷ್ಟು ಜಾಗ್ರತೆ ಏಕೆಂದು ಕೇಳುವವರಿಗೆ ವೇಗದ ಲೆಕ್ಕ ಹೇಳಬೇಕು. ನನ್ನದರಂಥ ಯಂತ್ರದ ಮೋಟಾರು 50 ಹರ್ಟ್ಸ್ ವಿದ್ಯುತ್ತಿನಲ್ಲಿ ನಿಮಿಷಕ್ಕೆ ಸುಮಾರು 2,800 ಸುತ್ತು ತಿರುಗುತ್ತದೆ. ಎರಡು ಬ್ಲೇಡುಗಳಿರುವುದರಿಂದ ನಿಮಿಷಕ್ಕೆ 5,600 ಹೊಡೆತ, ಅಂದರೆ ಸೆಕೆಂಡಿಗೆ ತೊಂಬತ್ತಕ್ಕೂ ಹೆಚ್ಚು. ಚಕ್ರದ ಮಧ್ಯದಿಂದ 12 ಸೆಂಟಿಮೀಟರ್ ದೂರದಲ್ಲಿರುವ ಅಂಚು ಸೆಕೆಂಡಿಗೆ ಸುಮಾರು 35 ಮೀಟರ್, ಅಂದರೆ ಗಂಟೆಗೆ 125 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಆ ವೇಗದಲ್ಲಿ ಮರಳಿನ ಕಣವೊಂದು ಅಂಚಿಗೆ ಸಿಕ್ಕರೆ ಏನಾಗುತ್ತದೆಂದು ಊಹಿಸುವುದು ಕಷ್ಟವಲ್ಲ.

ವಿದ್ಯುತ್ ಯಂತ್ರ ಇಟ್ಟುಕೊಂಡವರಿಗೆ ಇನ್ನೊಂದು ಕಾರಣವೂ ಇದೆ. ಮೂರು ಅಶ್ವಶಕ್ತಿಯ ಸಿಂಗಲ್ ಫೇಸ್ ಮೋಟಾರು ಪೂರ್ತಿ ಹೊರೆಯಲ್ಲಿ ಹದಿಮೂರು ಹದಿನಾಲ್ಕು ಆಂಪಿಯರ್ ಎಳೆಯುತ್ತದೆ. ಇದು 16 ಆಂಪಿಯರ್ ಸಾಕೆಟ್ಟಿನ ಮಿತಿಗೆ ಹತ್ತಿರವೇ. ಸುತ್ತಲಿನ ಪಂಪ್‌ಸೆಟ್ಟುಗಳೆಲ್ಲ ಓಡುವ ಹೊತ್ತಿನಲ್ಲಿ ವೋಲ್ಟೇಜ್ ಇಳಿದಾಗ ಅದೇ ಕೆಲಸಕ್ಕೆ ಕರೆಂಟು ಇನ್ನೂ ಹೆಚ್ಚು ಬೇಕಾಗುತ್ತದೆ. ಬ್ಲೇಡೂ ಮೊಂಡಾಗಿ, ವೋಲ್ಟೇಜೂ ಇಳಿದು, ಕೊಂಬೆಯನ್ನೂ ಒತ್ತಿ ತುರುಕಿದರೆ ಮೋಟಾರಿನ ವೈಂಡಿಂಗ್ ಸುಡುವುದು ಖಂಡಿತ. ರಿವೈಂಡಿಂಗ್ ಖರ್ಚಿನೆದುರು ಸಾಣೆಕಲ್ಲಿನ ಖರ್ಚು ಏನೇನೂ ಅಲ್ಲ.

ಬ್ಲೇಡು ಬಿಚ್ಚುವ ಮೊದಲು ಪ್ಲಗ್ಗನ್ನು ಸಾಕೆಟ್ಟಿನಿಂದ ಕಿತ್ತು, ಅದು ನಿಮ್ಮ ಕಣ್ಣೆದುರಿಗೇ ಇರುವಂತೆ ಇಟ್ಟುಕೊಳ್ಳಿ. ಸ್ವಿಚ್ಚು ಆರಿಸಿದರೆ ಸಾಲದು. ಪೆಟ್ರೋಲ್ ಎಂಜಿನ್ ಇದ್ದರೆ ಸ್ಪಾರ್ಕ್ ಪ್ಲಗ್ಗಿನ ಟೋಪಿಯನ್ನು ಕಿತ್ತು ದೂರಕ್ಕೆ ಸರಿಸಬೇಕು, ಏಕೆಂದರೆ ಚಕ್ರವನ್ನು ಕೈಯಿಂದ ತಿರುಗಿಸಿದಾಗಲೂ ಎಂಜಿನ್ ಕಿಡಿ ಹೊತ್ತಿಕೊಂಡು ಒಂದು ಸುತ್ತು ಎಗರಬಲ್ಲದು. ಯಂತ್ರ ಆರಿಸಿದ ಮೇಲೂ ಭಾರವಾದ ಚಕ್ರ ಸದ್ದಿಲ್ಲದೆ ತಿರುಗುತ್ತಲೇ ಇರುತ್ತದೆ. ಅದು ಪೂರ್ತಿ ನಿಂತಿರುವುದನ್ನು ಕಣ್ಣಿನಿಂದ ನೋಡದೆ ಮುಚ್ಚಳಕ್ಕೆ ಕೈ ಹಾಕಬಾರದು. ಆಮೇಲೆ ಚಕ್ರ ತಿರುಗದಂತೆ ಮರದ ಬೆಣೆಯೊಂದನ್ನು ಸಿಕ್ಕಿಸಿ, ಚರ್ಮದ ಕೈಗವಸು ಹಾಕಿಕೊಂಡು ಬೋಲ್ಟಿಗೆ ಕೈ ಹಾಕಬೇಕು. ಅಲೆನ್ ಬೋಲ್ಟುಗಳ ಗುಳಿಯಲ್ಲಿ ಅಂಟು ಮತ್ತು ಮರದ ಪುಡಿ ಸೇರಿ ಗಟ್ಟಿಯಾಗಿರುತ್ತದೆ. ಅದನ್ನು ಮೊಳೆಯಿಂದ ಕೆದಕಿ ತೆಗೆದು, ಕೀಲಿ ತಳದವರೆಗೂ ಕುಳಿತಿದೆಯೆಂದು ಖಾತ್ರಿಯಾದ ಮೇಲಷ್ಟೇ ಬಲ ಹಾಕಿ. ಅರ್ಧ ಕುಳಿತ ಕೀಲಿಯಿಂದ ತಿರುಗಿಸಿದರೆ ಗುಳಿಯ ಮೂಲೆಗಳು ಉರುಟಾಗಿ, ಬೋಲ್ಟನ್ನು ಡ್ರಿಲ್ ಮಾಡಿ ತೆಗೆಯುವ ಸ್ಥಿತಿ ಬರುತ್ತದೆ. ಬಿಚ್ಚುವ ಮೊದಲೇ ಎರಡೂ ಬ್ಲೇಡಿಗೆ ಮತ್ತು ಅವುಗಳ ಜಾಗಕ್ಕೆ ಮಾರ್ಕರಿನಿಂದ ಒಂದು, ಎರಡು ಎಂದು ಗುರುತು ಹಾಕಿಬಿಡಿ.

ಬಿಚ್ಚಿದ ಬ್ಲೇಡನ್ನು ಸಾಣೆಗೆ ಒಯ್ಯುವ ಮುನ್ನ ಅದರಲ್ಲಿ ಬಿರುಕಿದೆಯೇ ಎಂದು ನೋಡಲೇಬೇಕು. ಬೋಲ್ಟಿನ ತೂತಿನ ಸುತ್ತ ಕೂದಲೆಳೆಯಷ್ಟು ಸಣ್ಣ ಬಿರುಕು ಹುಟ್ಟಿದರೆ ಬರಿಗಣ್ಣಿಗೆ ಕಾಣುವುದಿಲ್ಲ. ಇದಕ್ಕೆ ಹಳೆಯ ವರ್ಕ್‌ಶಾಪುಗಳ ಒಂದು ಉಪಾಯವಿದೆ: ಬ್ಲೇಡನ್ನು ಸ್ವಚ್ಛ ಮಾಡಿ, ಸೀಮೆಎಣ್ಣೆಯಲ್ಲಿ ಸ್ವಲ್ಪ ಹೊತ್ತು ನೆನೆಸಿ, ಪೂರ್ತಿ ಒರೆಸಿ ಒಣಗಿಸಿದ ಮೇಲೆ ಸೀಮೆಸುಣ್ಣದ ಪುಡಿಯನ್ನು ಸವರಬೇಕು. ಬಿರುಕಿದ್ದರೆ ಒಳಗೆ ಇಳಿದಿದ್ದ ಎಣ್ಣೆ ಮೆಲ್ಲಗೆ ಹೊರಬಂದು, ಬಿಳಿ ಪುಡಿಯ ಮೇಲೆ ಒದ್ದೆ ಗೆರೆ ಮೂಡುತ್ತದೆ. ಅಂಥ ಗೆರೆ ಕಂಡ ಬ್ಲೇಡನ್ನು ಮತ್ತೆ ಹಾಕಬಾರದು, ವೆಲ್ಡಿಂಗ್ ಮಾಡಿಸುವ ಯೋಚನೆಯನ್ನೂ ಮಾಡಬಾರದು. ಗಂಟೆಗೆ 125 ಕಿಲೋಮೀಟರ್ ವೇಗದಲ್ಲಿ ಮುರಿದು ಹಾರುವ ಉಕ್ಕಿನ ತುಂಡಿಗೆ ತಗಡಿನ ಮುಚ್ಚಳ ಅಡ್ಡವಾದೀತೆಂದು ನಂಬುವಂತಿಲ್ಲ.

ಈಗ ಸಾಣೆಯ ವಿಷಯ. ಚಿಪ್ಪರ್ ಬ್ಲೇಡಿಗೆ ಒಂದು ಕಡೆ ಮಾತ್ರ ಓರೆ ಇರುತ್ತದೆ. ಇನ್ನೊಂದು ಮುಖ ಪೂರ್ತಿ ಸಪಾಟು. ಸಾಣೆ ಹಿಡಿಯಬೇಕಾದದ್ದು ಓರೆ ಮುಖಕ್ಕೆ ಮಾತ್ರ. ಕುಡುಗೋಲು ಮಸೆದು ಅಭ್ಯಾಸವಾದ ಕೈ ಎರಡೂ ಕಡೆ ಉಜ್ಜಲು ಹೋಗುತ್ತದೆ, ಅದನ್ನು ತಡೆಯಬೇಕು. ಸಪಾಟು ಮುಖದ ಅಂಚಿನಲ್ಲಿ ಚೂರು ಇಳಿಜಾರಾದರೂ ಬ್ಲೇಡು ಮರವನ್ನು ಕಚ್ಚುವ ಬದಲು ಅದರ ಮೇಲೆ ಜಾರುತ್ತದೆ. ಓರೆಯ ಕೋನ ಸಾಮಾನ್ಯವಾಗಿ 30ರಿಂದ 45 ಡಿಗ್ರಿಯ ನಡುವೆ ಇರುತ್ತದೆ, ಸರಿಯಾದ ಅಂಕಿಯನ್ನು ಕೈಪಿಡಿಯಲ್ಲಿ ಕೊಟ್ಟಿರುತ್ತಾರೆ. ಕೈಪಿಡಿ ಇಲ್ಲದಿದ್ದರೂ ಅಳೆಯಲು ಸುಲಭದ ದಾರಿಯಿದೆ. ಓರೆ ಮುಖದ ಅಗಲವನ್ನು ಬ್ಲೇಡಿನ ದಪ್ಪದಿಂದ ಭಾಗಿಸಿ. ಎರಡು ಬಂದರೆ ಕೋನ 30 ಡಿಗ್ರಿ, ಒಂದೂಮುಕ್ಕಾಲು ಬಂದರೆ 35, ಒಂದೂವರೆಗೆ ಸ್ವಲ್ಪ ಹೆಚ್ಚು ಬಂದರೆ 40, 1.4 ಬಂದರೆ 45. ಅಂದರೆ 6 ಮಿಲಿಮೀಟರ್ ದಪ್ಪದ ಬ್ಲೇಡಿನ ಓರೆ 12 ಮಿಲಿಮೀಟರ್ ಅಗಲವಿದ್ದರೆ ಅದು 30 ಡಿಗ್ರಿಯದು. ಹೊಸ ಬ್ಲೇಡು ಬಂದ ದಿನವೇ ಈ ಅಳತೆ ತೆಗೆದು, ತಗಡಿನ ತುಂಡೊಂದರಲ್ಲಿ ಆ ಕೋನವನ್ನು ಕತ್ತರಿಸಿ ಇಟ್ಟುಕೊಂಡರೆ ಮುಂದೆ ಪ್ರತಿ ಸಾರಿಯೂ ಅದನ್ನು ಬ್ಲೇಡಿಗೆ ತಾಗಿಸಿ, ಬೆಳಕಿಗೆ ಹಿಡಿದು ಪರೀಕ್ಷಿಸಬಹುದು. ಇನ್ನಷ್ಟು ಹರಿತವಾಗಲಿ ಎಂದು ಕೋನವನ್ನು ಕಿರಿದು ಮಾಡುವ ಆಸೆ ಬೇಡ. ತೆಳುವಾದ ಅಂಚು ಹಸಿ ನುಗ್ಗೆಯನ್ನು ಸೊಗಸಾಗಿ ಕತ್ತರಿಸೀತು, ಆದರೆ ಹುಣಸೆಯ ಗಂಟೋ ಒಣಗಿದ ತೆಂಗಿನ ಮಟ್ಟೆಯೋ ಸಿಕ್ಕಿದ ಕೂಡಲೇ ಚಕ್ಕೆ ಎದ್ದು ಹೋಗುತ್ತದೆ.

ಸಾಣೆಯಲ್ಲಿ ಕೆಡುವ ಬ್ಲೇಡುಗಳಲ್ಲಿ ಹೆಚ್ಚಿನವು ಕೆಡುವುದು ಬಿಸಿಯಿಂದ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಬ್ಲೇಡಿನ ಉಕ್ಕನ್ನು ಕಾಯಿಸಿ, ತಣಿಸಿ, ಮತ್ತೆ ಒಂದು ನಿಗದಿತ ಶಾಖಕ್ಕೆ ಕಾಯಿಸಿ ಹದ ಮಾಡಿರುತ್ತಾರೆ. ಆ ಹದದ ಶಾಖವನ್ನು ಮೀರಿ ಇನ್ನೊಮ್ಮೆ ಕಾದರೆ ಉಕ್ಕು ಮೆತ್ತಗಾಗುತ್ತದೆ, ಮತ್ತು ಆ ಮೆತ್ತಗಾದ ಭಾಗ ಮನೆಯಲ್ಲಿ ಮಾಡುವ ಯಾವ ಉಪಚಾರದಿಂದಲೂ ಹಿಂದಿನಂತಾಗುವುದಿಲ್ಲ. ಉಜ್ಜಿ ಹೊಳಪಾದ ಇಂಗಾಲದ ಉಕ್ಕು ಕಾಯುತ್ತ ಹೋದಂತೆ ಅದರ ಮೇಲೆ ಬಣ್ಣಗಳು ಮೂಡುತ್ತವೆ: ಸುಮಾರು 220 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಹುಲ್ಲಿನ ಹಳದಿ, 260ರ ಹತ್ತಿರ ಕಂದು, 280ರಲ್ಲಿ ನೇರಳೆ, 300ರ ಹೊತ್ತಿಗೆ ನೀಲಿ. ಕುಲುಮೆಯಲ್ಲಿ ಉಳಿ, ಕೊಡಲಿಗಳಿಗೆ ಹದ ಹಾಕುವವರು ಈ ಬಣ್ಣಗಳನ್ನು ನೋಡಿಯೇ ಶಾಖವನ್ನು ಅಂದಾಜು ಮಾಡುತ್ತಾರೆ. ಆ್ಯಂಗಲ್ ಗ್ರೈಂಡರಿನಲ್ಲಿ ಒರಟು ಚಕ್ರ ಹಾಕಿ ಬ್ಲೇಡಿನ ಅಂಚಿಗೆ ಒತ್ತಿದರೆ ಈ ನೀಲಿ ಬಣ್ಣ ಬರಲು ಕೆಲವೇ ಕ್ಷಣ ಸಾಕು, ಏಕೆಂದರೆ ತೆಳುವಾದ ಅಂಚಿನಲ್ಲಿ ಹುಟ್ಟಿದ ಶಾಖ ಹರಿದು ಹೋಗಲು ಅಲ್ಲಿ ಲೋಹವೇ ಇರುವುದಿಲ್ಲ. ನೋಡಲು ಆ ಅಂಚು ಕನ್ನಡಿಯಂತೆ ಹೊಳೆಯುತ್ತದೆ, ಬೆರಳಿಗೂ ಹರಿತವೆನ್ನಿಸುತ್ತದೆ. ಆದರೆ ನಾಲ್ಕು ಕೊಂಬೆ ಕತ್ತರಿಸುವಷ್ಟರಲ್ಲಿ ಮಡಿಚಿಕೊಂಡುಬಿಡುತ್ತದೆ. ದುಬಾರಿ ಯಂತ್ರಗಳ ಬ್ಲೇಡಿಗೆ ಬಳಸುವ ಹೈಸ್ಪೀಡ್ ಸ್ಟೀಲಿನಂಥ ಉಕ್ಕುಗಳು ಇದಕ್ಕಿಂತ ಬಹಳ ಹೆಚ್ಚಿನ ಶಾಖವನ್ನು ತಡೆದುಕೊಳ್ಳುತ್ತವೆಂಬುದು ನಿಜ. ಆದರೂ ಮನೆಯಲ್ಲಿ ಸಾಣೆ ಹಿಡಿಯುವಾಗ ಎಲ್ಲ ಬ್ಲೇಡನ್ನೂ ಬಿಸಿ ತಾಳದ ಉಕ್ಕೆಂದೇ ಭಾವಿಸಿ ನಡೆಸಿಕೊಳ್ಳುವುದು ಕ್ಷೇಮ.

ಅಂಚು ಮೆತ್ತಗಾಗಿದೆಯೇ ಎಂದು ತಿಳಿಯಲು ಹಳೆಯ ಅರವೊಂದು ಸಾಕು. ಹದ ಉಳಿದಿರುವ ಅಂಚಿನ ಮೇಲೆ ಅರ ಕಚ್ಚದೆ, ಗಾಜಿನ ಮೇಲೆ ಎಳೆದಂಥ ಸದ್ದು ಮಾಡುತ್ತ ಜಾರುತ್ತದೆ. ಮೆತ್ತಗಾದ ಕಡೆ ಅದು ಕಚ್ಚಿ ಪುಡಿ ಉದುರಿಸುತ್ತದೆ. ನಮ್ಮ ನೆರೆಯವರೊಬ್ಬರು ಹೊರಗೆ ಸಾಣೆ ಮಾಡಿಸಿ ತಂದ ಬ್ಲೇಡು ಬೇಗ ಬೇಗ ಮೊಂಡಾಗುತ್ತದೆಂದು ತೋರಿಸಲು ತಂದಾಗ, ಅಂಚಿನುದ್ದಕ್ಕೂ ಎರಡು ಮಿಲಿಮೀಟರ್ ಅಗಲದ ನೀಲಿ ಪಟ್ಟೆ ಇತ್ತು. ಅರ ಅಲ್ಲಿ ಸಲೀಸಾಗಿ ಕಚ್ಚಿತು. ಆ ಪಟ್ಟೆಯಷ್ಟನ್ನೂ ತಣ್ಣಗೆ, ನಿಧಾನವಾಗಿ ಉಜ್ಜಿ ತೆಗೆದ ಮೇಲೆ ಅದೇ ಬ್ಲೇಡು ಮೊದಲಿನಂತೆ ಕೆಲಸ ಮಾಡಿತು, ಆದರೆ ಎರಡು ಮಿಲಿಮೀಟರ್ ಉಕ್ಕು, ಅಂದರೆ ಬ್ಲೇಡಿನ ಆಯುಸ್ಸಿನ ದೊಡ್ಡ ಪಾಲು, ವ್ಯರ್ಥವಾಗಿ ಹೋಯಿತು.

ಹಾಗಾಗಿ ನನ್ನ ಪದ್ಧತಿ ಕೈಸಾಣೆಯದು. ಬ್ಲೇಡಿನ ಕೋನಕ್ಕೆ ಸರಿಯಾಗಿ ಓರೆ ಕೊಯ್ದ ತೇಗದ ತುಂಡೊಂದಿದೆ. ಅದರ ಇಳಿಜಾರಿನ ಮೇಲೆ ಬ್ಲೇಡನ್ನು ಬೋಲ್ಟಿನಿಂದಲೇ ಬಿಗಿದರೆ ಓರೆ ಮುಖ ನೆಲಕ್ಕೆ ಸಮಾನಾಂತರವಾಗಿ ಮೇಲ್ಮುಖವಾಗುತ್ತದೆ, ಆಗ ಕಲ್ಲನ್ನು ಅಡ್ಡಡ್ಡ ಚಲಿಸಿದರೆ ಕೋನ ತಪ್ಪುವುದೇ ಇಲ್ಲ. ಮೊದಲು ಓರೆ ಮುಖಕ್ಕೆ ಪೂರ್ತಿಯಾಗಿ ಮಾರ್ಕರ್ ಬಳಿದು, ಕಲ್ಲನ್ನು ಹಗುರವಾಗಿ ಎರಡು ಸಲ ಆಡಿಸಿ ನೋಡುತ್ತೇನೆ. ಬಣ್ಣ ಅಂಚಿನ ಕಡೆಯಷ್ಟೇ ಹೋಗಿದ್ದರೆ ಕೋನ ಹೆಚ್ಚಾಗಿದೆ, ಹಿಂಬದಿಯಲ್ಲಷ್ಟೇ ಹೋಗಿದ್ದರೆ ಕಡಿಮೆಯಾಗಿದೆ, ಇಡೀ ಮುಖದಲ್ಲಿ ಹೋಗಿದ್ದರೆ ಸರಿಯಾಗಿದೆ ಎಂದರ್ಥ. ಚಕ್ಕೆಗಳಿದ್ದರೆ 120 ಗ್ರಿಟ್ಟಿನ (ಅಂಕಿ ಹೆಚ್ಚಿದಷ್ಟೂ ಕಲ್ಲು ನಯ) ಕಾರ್ಬೊರಂಡಂ ಕಲ್ಲು, ಬರಿ ಮೊಂಡಾಗಿದ್ದರೆ ನೇರವಾಗಿ 220, ಕೊನೆಗೆ 400. ಅದಕ್ಕಿಂತ ನಯ ಮಾಡುವ ಅಗತ್ಯ ಚಿಪ್ಪರಿಗೆ ಇಲ್ಲವೆಂದು ನನ್ನ ಅನುಭವ. ಕಲ್ಲಿಗೆ ಧಾರಾಳವಾಗಿ ನೀರು ಬಿಡಬೇಕು. ಅಂಚಿನುದ್ದಕ್ಕೂ ಸಪಾಟು ಮುಖದ ಕಡೆ ತೆಳುವಾದ ತರಿ, ಅಂದರೆ ಉಜ್ಜಿದಾಗ ಅಂಚಿನಾಚೆ ಮಡಿಚಿ ನಿಲ್ಲುವ ಉಕ್ಕಿನ ಎಳೆ, ಏಳುವವರೆಗೆ ಉಜ್ಜಬೇಕು. ಬೆರಳನ್ನು ಸಪಾಟು ಮುಖದ ಮೇಲಿನಿಂದ ಹೊರಕ್ಕೆ ಸವರಿದಾಗ ಅದು ತಾಗುತ್ತದೆ. ತರಿ ಎಲ್ಲಿ ತಾಗುವುದಿಲ್ಲವೋ ಅಲ್ಲಿ ಇನ್ನೂ ಮೊಂಡು ಉಳಿದಿದೆ. ಎಲ್ಲ ಕಡೆ ತರಿ ಬಂದ ಮೇಲೆ ಬ್ಲೇಡಿನ ಸಪಾಟು ಮುಖವನ್ನು 400ರ ಕಲ್ಲಿನ ಮೇಲೆ ಪೂರ್ತಿ ಒರಗಿಸಿ, ಎತ್ತದೆ, ಮೂರು ನಾಲ್ಕು ಸಲ ಎಳೆದರೆ ತರಿ ಕಳಚಿ ಬೀಳುತ್ತದೆ.

ಬೆಂಚ್ ಗ್ರೈಂಡರ್ ಇರುವವರು ಅದನ್ನು ಬಳಸಬಾರದೆಂದಲ್ಲ. ಬಿಳಿ ಬಣ್ಣದ ಅಲ್ಯೂಮಿನಿಯಂ ಆಕ್ಸೈಡ್ ಚಕ್ರ ಹಾಕಿ, ಆಸರೆ ತಟ್ಟೆಯನ್ನು ಕೋನಕ್ಕೆ ಕೂರಿಸಿ, ಬ್ಲೇಡನ್ನು ಒತ್ತದೆ ಬೇಗ ಬೇಗ ಅತ್ತಿತ್ತ ಸರಿಸುತ್ತ ಹಿಡಿಯಬೇಕು. ಬೆರಳನ್ನು ಅಂಚಿನ ಹತ್ತಿರ ಇಟ್ಟುಕೊಂಡು, ಬಿಸಿ ತಾಳಲಾರದಂತಾದ ಕೂಡಲೇ ನೀರಿಗೆ ಅದ್ದಬೇಕು. ಬಣ್ಣ ಬಂದ ಮೇಲೆ ಅದ್ದಿದರೆ ಹದವೂ ಉಳಿಯುವುದಿಲ್ಲ, ದಿಢೀರನೆ ತಣಿದು ಸೂಕ್ಷ್ಮ ಬಿರುಕೂ ಏಳಬಹುದು. ಕನ್ನಡಕ ಕಡ್ಡಾಯ, ತಿರುಗುವ ಚಕ್ರದ ಹತ್ತಿರ ಸಡಿಲವಾದ ಕೈಗವಸು ಬೇಡ.

ಎರಡು ಬ್ಲೇಡುಗಳನ್ನು ಸಮನಾಗಿ ಸವೆಸುವುದು ಹರಿತದಷ್ಟೇ ಮುಖ್ಯ. ಒಂದರಲ್ಲಿ ಮಾತ್ರ ದೊಡ್ಡ ಚಕ್ಕೆ ಎದ್ದಿದ್ದರೂ ಎರಡರಿಂದಲೂ ಅಷ್ಟೇ ಉಕ್ಕನ್ನು ತೆಗೆಯಬೇಕು. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ, ವ್ಯತ್ಯಾಸ ಒಂದು ಗ್ರಾಮಿನೊಳಗೆ ಬರುವವರೆಗೆ ಭಾರವಾದದ್ದನ್ನು ಅಂಚಿನಿಂದ ದೂರದ ಹಿಂಬದಿಯಲ್ಲಿ ಸ್ವಲ್ಪ ಉಜ್ಜುತ್ತೇನೆ. ಇದು ಅತಿಯೆನ್ನಿಸಿದರೆ ಈ ಲೆಕ್ಕ ನೋಡಿ: ನಿಮಿಷಕ್ಕೆ 2,800 ಸುತ್ತು ತಿರುಗುವ ಚಕ್ರದಲ್ಲಿ, ಮಧ್ಯದಿಂದ 12 ಸೆಂಟಿಮೀಟರ್ ದೂರದಲ್ಲಿ ಬರಿ 10 ಗ್ರಾಮ್ ವ್ಯತ್ಯಾಸವಿದ್ದರೆ ಹುಟ್ಟುವ ಎಳೆತ ಹತ್ತು ಕಿಲೋ ತೂಕಕ್ಕೆ ಸಮ. ಆ ಎಳೆತ ಸೆಕೆಂಡಿಗೆ 46 ಸಲಕ್ಕೂ ಹೆಚ್ಚು ದಿಕ್ಕು ಬದಲಿಸುತ್ತ ಬೇರಿಂಗನ್ನು ಜಗ್ಗುತ್ತಿರುತ್ತದೆ. ಸಾಣೆಯಾದ ಮೇಲೆ ಯಂತ್ರ ಹೊಸದಾಗಿ ನಡುಗತೊಡಗಿದರೆ ಮೊದಲು ಸಂಶಯಿಸಬೇಕಾದದ್ದು ಇದನ್ನೇ.

ಇನ್ನು ಆನ್ವಿಲ್ ಪಟ್ಟಿ. ಚಿಪ್ಪರ್ ಕತ್ತರಿಸುವುದು ಅಡಕತ್ತರಿಯ ರೀತಿಯಲ್ಲಿ: ಮೇಲಿನ ಅಲಗು ಎಷ್ಟೇ ಹರಿತವಿರಲಿ, ಕೆಳಗಿನದು ಗಟ್ಟಿಯಾಗಿ, ಹತ್ತಿರವಾಗಿ ಆಸರೆ ಕೊಡದಿದ್ದರೆ ಅಡಕೆ ಹೋಳಾಗದೆ ಜಾರುತ್ತದೆ. ಜನ ಬ್ಲೇಡಿಗೆ ಸಾಣೆ ಮಾಡಿಸಿ, ಈ ಪಟ್ಟಿಯನ್ನು ಯಂತ್ರ ಕೊಂಡ ದಿನದಿಂದ ಮುಟ್ಟಿಯೇ ಇರುವುದಿಲ್ಲ. ಪಟ್ಟಿಯ ಅಂಚು ಚೂಪಾಗಿರಬೇಕಾಗಿಲ್ಲ, ಆದರೆ ಮೂಲೆ ನೇರವಾಗಿ, 90 ಡಿಗ್ರಿಯಲ್ಲಿ, ಕಡಿದಂತೆ ಇರಬೇಕು. ಅದು ಸವೆದು ಉರುಟಾದರೆ ನಾರಿನ ಪದಾರ್ಥ ಆ ಉರುಟಿನ ಮೇಲೆ ಬಾಗಿ, ಕತ್ತರಿಸಲ್ಪಡದೆ ಸಂದಿಯೊಳಕ್ಕೆ ಮಡಿಚಿಕೊಳ್ಳುತ್ತದೆ. ತೆಂಗಿನ ಎಲೆಯ ನಾರು ಚಕ್ರದ ಅಚ್ಚಿಗೆ ಸುತ್ತಿಕೊಂಡು ಯಂತ್ರ ನಿಲ್ಲುತ್ತದೆಂದು ದೂರುವವರ ಯಂತ್ರಗಳಲ್ಲಿ ನಾನು ಕಂಡ ಕಾರಣ ಬಹುತೇಕ ಇದೇ. ಹಲವು ಯಂತ್ರಗಳಲ್ಲಿ ಈ ಪಟ್ಟಿಯನ್ನು ಬಿಚ್ಚಿ ತಿರುಗಿಸಿ ಹಾಕಿದರೆ ಬಳಸದ ಹೊಸ ಮೂಲೆ ಸಿಗುತ್ತದೆ. ಎಲ್ಲ ಮೂಲೆಗಳೂ ಸವೆದ ಮೇಲೆ ಸಾಣೆ ಮಾಡಿಸಿದರಾಯಿತು.

ಬ್ಲೇಡಿಗೂ ಪಟ್ಟಿಗೂ ನಡುವಿನ ಅಂತರ ಸಣ್ಣ ಯಂತ್ರಗಳಲ್ಲಿ ಸಾಮಾನ್ಯವಾಗಿ ಒಂದರಿಂದ ಮೂರು ಮಿಲಿಮೀಟರ್ ಒಳಗಿರುತ್ತದೆ. ನಿಮ್ಮ ಯಂತ್ರದ ಕೈಪಿಡಿ ಹೇಳುವ ಅಂಕಿಯೇ ಅಂತಿಮ. ನಾನು ಎರಡು ಮಿಲಿಮೀಟರಿಗಿಂತ ಸ್ವಲ್ಪ ಕಡಿಮೆ ಇಡುತ್ತೇನೆ, ಏಕೆಂದರೆ ನನ್ನ ಪದಾರ್ಥದಲ್ಲಿ ನಾರು ಹೆಚ್ಚು. ಅಳೆಯಲು ಬೈಕಿನ ಟ್ಯಾಪೆಟ್ ಸರಿಮಾಡುವ ಮೆಕ್ಯಾನಿಕ್ಕುಗಳ ಬಳಿ ಇರುವ ಫೀಲರ್ ಗೇಜ್, ಅಂದರೆ ದಪ್ಪ ಬರೆದ ತೆಳು ಉಕ್ಕಿನ ಪಟ್ಟಿಗಳ ಕಟ್ಟು, ಒಳ್ಳೆಯದು. ಅದಿಲ್ಲದಿದ್ದರೆ ಹ್ಯಾಕ್‌ಸಾ ಬ್ಲೇಡಿನ ತುಂಡುಗಳು ಸಾಕು: ಒಂದೊಂದೂ ಸುಮಾರು 0.65 ಮಿಲಿಮೀಟರ್ ದಪ್ಪವಿರುವುದರಿಂದ, ಹಲ್ಲಿನ ಭಾಗವನ್ನು ಬಿಟ್ಟು ಮೂರನ್ನು ಜೋಡಿಸಿದರೆ ಎರಡು ಮಿಲಿಮೀಟರಿಗೆ ಹತ್ತಿರವಾಗುತ್ತದೆ. ಅಂತರವನ್ನು ಪಟ್ಟಿಯ ಎರಡು ತುದಿ ಮತ್ತು ನಡುವೆ, ಎರಡೂ ಬ್ಲೇಡಿಗೆ ಬೇರೆ ಬೇರೆಯಾಗಿ ನೋಡಬೇಕು. ಇಲ್ಲಿ ನೆನಪಿಡಬೇಕಾದ ಸಂಗತಿಯೆಂದರೆ, ಪ್ರತಿ ಸಾಣೆಯಲ್ಲಿ ಬ್ಲೇಡು ಗಿಡ್ಡವಾಗುವುದರಿಂದ ಈ ಅಂತರ ಪ್ರತಿ ಸಲವೂ ಬೆಳೆಯುತ್ತದೆ. ಹೊಸದಾಗಿ ಸಾಣೆ ಮಾಡಿದ ಬ್ಲೇಡು ಮೊದಲಿಗಿಂತ ಕೆಟ್ಟದಾಗಿ ಕತ್ತರಿಸುತ್ತಿದೆ ಎಂಬ ದೂರಿನ ಹಿಂದೆ ಇರುವುದು ಬಹಳ ಸಲ ಇದೇ. ಸಾಣೆ ಚೆನ್ನಾಗಿಯೇ ಆಗಿರುತ್ತದೆ, ಪಟ್ಟಿಯನ್ನು ಮುಂದೆ ಸರಿಸಿರುವುದಿಲ್ಲ.

ಮತ್ತೆ ಕೂರಿಸುವಾಗ ಚಕ್ರದ ಮೇಲೆ ಬ್ಲೇಡು ಕೂರುವ ಜಾಗವನ್ನು ಬಟ್ಟೆಯಿಂದ ಒರೆಸಿ ಸ್ವಚ್ಛ ಮಾಡಬೇಕು. ಅಲ್ಲಿ ಮರದ ಸಣ್ಣದೊಂದು ಚೂರು ಉಳಿದರೂ ಬ್ಲೇಡು ಓರೆಯಾಗಿ ಕೂತು ಪಟ್ಟಿಗೆ ಬಡಿಯುತ್ತದೆ. ಬೋಲ್ಟುಗಳನ್ನು ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವಾಗಿ ಬಿಗಿಯುತ್ತ ಬಂದು, ಕೊನೆಗೆ ಕೈಪಿಡಿಯ ಅಂಕಿಗೆ ಟಾರ್ಕ್ ರೆಂಚಿನಿಂದ (ಬಿಗಿಯ ಬಲವನ್ನು ಅಳೆದು ತೋರಿಸುವ ಪಾನಾ) ಮುಗಿಸಬೇಕು. ನೈಲಾನ್ ಉಂಗುರವಿರುವ ಲಾಕ್ ನಟ್ಟುಗಳನ್ನು ನಾನು ಒಂದೇ ಸಲ ಬಳಸುತ್ತೇನೆ. ಬೋಲ್ಟು ಬದಲಿಸುವಾಗ ತಲೆಯ ಮೇಲಿನ 8.8, 10.9 ಅಥವಾ 12.9 ಎಂಬ ಗುರುತನ್ನು ನೋಡಿ, ಅದೇ ದರ್ಜೆಯದನ್ನೇ ತರಬೇಕು. ಗುರುತಿಲ್ಲದ ಸಾಮಾನ್ಯ ಬೋಲ್ಟು ಗೇಟಿಗೆ ಆದೀತು, ಇಲ್ಲಿಗೆ ಆಗದು. ಬಿಗಿದ ಮೇಲೆ ಬೆಣೆ ತೆಗೆದು ಚಕ್ರವನ್ನು ಕೋಲಿನಿಂದ ಎರಡು ಸುತ್ತು ತಿರುಗಿಸಿ, ಎಲ್ಲಿಯೂ ಉಜ್ಜುವ ಸದ್ದಿಲ್ಲವೆಂದು ಖಾತ್ರಿ ಮಾಡಿಕೊಂಡು ಮುಚ್ಚಳ ಹಾಕಿ. ಹತ್ತು ಹದಿನೈದು ನಿಮಿಷ ಕೆಲಸ ಮಾಡಿದ ಮೇಲೆ ಮತ್ತೊಮ್ಮೆ ಪ್ಲಗ್ ಕಿತ್ತು ಬೋಲ್ಟುಗಳ ಬಿಗಿ ನೋಡಿ.

ದಿನದ ಕೆಲಸ ಮುಗಿದ ಮೇಲಿನ ಆರೈಕೆ ಹೆಚ್ಚೇನಿಲ್ಲ. ಹಲಸು, ಮಾವಿನ ಸೊನೆ ಬ್ಲೇಡಿಗೆ ಅಂಟಿ ಒಣಗಿದರೆ ಹರಿತ ಬ್ಲೇಡೂ ಮೊಂಡಿನಂತೆ ವರ್ತಿಸುತ್ತದೆ. ಹಸಿಯಿರುವಾಗಲೇ ಡೀಸೆಲ್ ಅದ್ದಿದ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ. ಹಲಸಿನ ಅಂಟಿಗೆ ಕೊಬ್ಬರಿ ಎಣ್ಣೆ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ. ಜಾಲಿಯ ತೊಗಟೆಯಲ್ಲಿರುವ ಒಗರು ರಸ ಕಬ್ಬಿಣದೊಡನೆ ಸೇರಿ ಕಪ್ಪು ಕಲೆ ಮಾಡುತ್ತದೆ, ತೇವ ಉಳಿದರೆ ಅದರ ಹಿಂದೆಯೇ ತುಕ್ಕು ಬರುತ್ತದೆ. ತುಕ್ಕು ಮೊದಲು ತಿನ್ನುವುದು ತೆಳುವಾದ ಅಂಚನ್ನೇ, ಆದ್ದರಿಂದ ಕೊನೆಯಲ್ಲಿ ಒಣಗಿದ ಕಡ್ಡಿಗಳನ್ನು ಹಾಕಿ ಯಂತ್ರದೊಳಗಿನ ಹಸಿಯನ್ನು ಹೊರದೂಡಿ, ಬ್ಲೇಡಿಗೆ ತೆಳ್ಳಗೆ ಮೆಷಿನ್ ಆಯಿಲ್ ಸವರಬೇಕು. ಕೊಬ್ಬರಿ ಎಣ್ಣೆಯನ್ನು ಹಾಗೆಯೇ ಬಿಟ್ಟರೆ ದೂಳು ಹಿಡಿದು ಅಂಟಾಗುತ್ತದೆ.

ಒಂದು ಮಿಲಿಮೀಟರಿಗಿಂತ ಆಳದ ಚಕ್ಕೆ ಎದ್ದರೆ, ಅಥವಾ ಹಲವು ಕೈಸಾಣೆಗಳ ನಂತರ ಅಂಚು ಸೊಟ್ಟಗಾಗಿದ್ದರೆ, ಅದನ್ನು ಲೋಹವನ್ನು ಸಮತಟ್ಟಾಗಿ ಉಜ್ಜುವ ಸರ್ಫೇಸ್ ಗ್ರೈಂಡರ್ ಇರುವ ಕಡೆಗೆ ಒಯ್ಯುವುದೇ ಸರಿ. ಮಂಡ್ಯದ ಹತ್ತಿರದ ತೂಬಿನಕೆರೆ, ಮೈಸೂರಿನ ಹೆಬ್ಬಾಳದಂಥ ಕೈಗಾರಿಕಾ ಪ್ರದೇಶಗಳಲ್ಲಿ ವಿಚಾರಿಸಿದರೆ ಇಂಥ ಕೆಲಸ ಮಾಡುವವರು ಸಿಗುತ್ತಾರೆ. ಅಲ್ಲಿ ಬ್ಲೇಡು ಕೊಟ್ಟು ಸುಮ್ಮನೆ ಬರಬಾರದು. ಎರಡನ್ನೂ ಒಟ್ಟಿಗೆ ಕಟ್ಟಿ ಒಂದೇ ಅಳತೆಗೆ ತೆಗೆಯಬೇಕು, ತಣಿಸುವ ದ್ರವ (ಕೂಲೆಂಟ್) ಬಿಡುತ್ತಲೇ ಉಜ್ಜಬೇಕು, ಕೋನ ಇಷ್ಟಿರಬೇಕು ಎಂದು ತಗಡಿನ ಅಳತೆಯನ್ನು ಜೊತೆಗೇ ಕೊಟ್ಟು ಹೇಳಬೇಕು. ನಾನು ಹೋಗುವ ಕಡೆಯ ಹಿರಿಯ ಕೆಲಸಗಾರರಿಗೆ ಮೊದಲ ಸಲ ಇದನ್ನೆಲ್ಲ ಹೇಳಿದಾಗ, "ಆತುರ ಇಲ್ಲ ತಾನೆ ಸಾರ್? ನಿಧಾನಕ್ಕೆ ನೀರಲ್ಲೇ ತೆಗೀತೀನಿ, ಸಾಯಂಕಾಲ ಬನ್ನಿ" ಎಂದರು. ಅಂಥ ಉತ್ತರ ಕೊಡುವವರ ಬಳಿ ಬ್ಲೇಡನ್ನು ಧೈರ್ಯವಾಗಿ ಬಿಡಬಹುದು. ಐದು ನಿಮಿಷದಲ್ಲಿ ಮಾಡಿಕೊಡುತ್ತೇನೆ ಎನ್ನುವವರ ಬಳಿ ಬೇಡ.

ಹಲವು ಬ್ಲೇಡುಗಳಿಗೆ ಎರಡೂ ಬದಿಯಲ್ಲಿ ಅಂಚಿರುತ್ತದೆ. ಒಂದು ಮೊಂಡಾದಾಗ ತಿರುಗಿಸಿ ಹಾಕಿ, ಬಿಡುವಾದಾಗ ಎರಡನ್ನೂ ಒಟ್ಟಿಗೆ ಸಾಣೆ ಮಾಡಬಹುದು. ಒಂದು ಜೊತೆ ಬದಲಿ ಬ್ಲೇಡು ಮನೆಯಲ್ಲಿದ್ದರೆ ಇನ್ನೂ ಒಳ್ಳೆಯದು, ಗರಿ ಕಡಿಸಿದ ದಿನ ಕೆಲಸ ನಿಲ್ಲುವುದಿಲ್ಲ. ಸವೆಯುತ್ತ ಸವೆಯುತ್ತ ಓರೆಯ ಮೇಲಂಚು ಬೋಲ್ಟಿನ ತೂತಿನ ಹತ್ತಿರ ಬಂದಾಗ, ಅಥವಾ ಆನ್ವಿಲ್ ಪಟ್ಟಿಯನ್ನು ಪೂರ್ತಿ ಮುಂದೆ ಸರಿಸಿದರೂ ಅಂತರ ಮೂರು ಮಿಲಿಮೀಟರ್ ದಾಟಿದಾಗ ಆ ಬ್ಲೇಡಿನ ಕಾಲ ಮುಗಿಯಿತು. ಆಗ ಎರಡನ್ನೂ ಒಟ್ಟಿಗೆ ಬದಲಿಸಿ, ಹೊಸದೊಂದರ ಎದುರಿಗೆ ಹಳೆಯದೊಂದನ್ನು ಹಾಕಬೇಡಿ, ಮತ್ತು ಹೊಸ ಜೊತೆಯನ್ನು ಕೂರಿಸುವ ಮೊದಲು ದಪ್ಪ, ಓರೆಯ ಅಗಲ, ತೂಕ ಈ ಮೂರನ್ನೂ ಬರೆದಿಟ್ಟುಕೊಳ್ಳಿ.